ಮೊದಲು ಚಿಪ್, ಆಮೇಲೆ ಸೂಜಿ

ನನ್ನ ಕೌಂಟರಿಗೆ ಬರುವವರೆಲ್ಲ ಒಳ್ಳೆಯವರೇ. ಬೇಕಾದರೆ ಕೇಳಿ ನೋಡಿ, ಅವರೇ ಹೇಳುತ್ತಾರೆ. ಕಾಲುಚೀಲದೊಳಗೆ ಆಮೆಮರಿ ಬಚ್ಚಿಟ್ಟುಕೊಂಡು ಬಂದವನೂ ಒಳ್ಳೆಯವನೇ, ಪೌಡರ್ ಡಬ್ಬಿಯಲ್ಲಿ ಹೂವಿನ ಬೀಜ ತುಂಬಿಕೊಂಡು ಬಂದ ಅಜ್ಜಿಯೂ ಒಳ್ಳೆಯವಳೇ. "ತಿನ್ನೋ ಸಾಮಾನು, ಗಿಡ, ಪ್ರಾಣಿ ಏನಾದ್ರೂ ಇದೆಯಾ?" ಅಂತ ನಾನು ಕೇಳುವುದಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ತಾವಾಗಿಯೇ ಸಿಕ್ಕಿಬೀಳುತ್ತಾರೆ. ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ಕೂತು ನನ್ನ ನಾಲಿಗೆ ಕತ್ತರಿಯಾಗಿದೆ. ಬೆನ್ನ ಹಿಂದೆ ನನ್ನನ್ನು ಏನಂತ ಕರೆಯುತ್ತಾರೆ ಅನ್ನುವುದೂ ಗೊತ್ತು. ಕರೆಯಲಿ.

ಸಾಕುಪ್ರಾಣಿಗಳ ನಿಯಮ ನನಗೆ ಮಗ್ಗಿಯ ಹಾಗೆ ಬಾಯಿಪಾಠ. ಮೊದಲು ಚಿಪ್, ಆಮೇಲೆ ಸೂಜಿ. ನಾಯಿಯ ಕತ್ತಿನ ಚರ್ಮದಡಿ ಅಕ್ಕಿಕಾಳಿನಷ್ಟು ಗುರುತಿನ ಚಿಪ್ ಕೂರಿಸಬೇಕು, ಅದಾದ ಮೇಲೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು, ಅಲ್ಲಿಂದ ಮೂವತ್ತು ದಿನ ಕಳೆಯಬೇಕು. ಹಿಂದುಮುಂದಾದರೆ ಲಸಿಕೆ ಲೆಕ್ಕಕ್ಕಿಲ್ಲ. ಗುರುತೇ ಇಲ್ಲದ ಹೊತ್ತಿನಲ್ಲಿ ಆ ಸೂಜಿ ಯಾವ ನಾಯಿಗೆ ಚುಚ್ಚಿದ್ದೋ ಯಾರಿಗೆ ಗೊತ್ತು? ಹಾಗಾದಾಗ ಇಲ್ಲಿ ಹೊಸದಾಗಿ ಲಸಿಕೆ ಹಾಕಿ, ಮೂವತ್ತು ದಿನ ನಮ್ಮ ಶೆಡ್ಡಿನಲ್ಲಿ ಇಡುತ್ತೇವೆ. ಹೊರಗಿನವರು ಯಾರೂ ಒಳಗೆ ಹೋಗುವಂತಿಲ್ಲ. ನಿಯಮ ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ಕೌಂಟರಿನ ಮುಂದೆ ನಿಂತು ಅತ್ತವರಿಗೆ "ಅಳೋದಕ್ಕೆ ಮುಂಚೆ ಓದ್ಬೇಕಿತ್ತು" ಅಂದಿದ್ದೇನಲ್ಲ, ಅದನ್ನು ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಅಪ್ಪ ಚಿಕಿತ್ಸೆಗೆಂದು ತಮ್ಮನ ಊರು ಬಿಟ್ಟು, ದೇಶದ ಗಡಿ ದಾಟಿ ನನ್ನ ಮನೆಗೆ ಬಂದಿದ್ದರು. ಐದು ತಿಂಗಳಾದರೂ ಗುಣ ಕಾಣಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಎರಡು ತಿಂಗಳು. ಅದಕ್ಕಿಂತ ಹೆಚ್ಚು ನನ್ನ ಕೇಳ್ಬೇಡಿ" ಅಂದರು. ಅಪ್ಪ ಕೇಳಿದ್ದು ಒಂದೇ. ಮರಿ. ಹನ್ನೊಂದು ವರ್ಷದ ನಾಯಿಯನ್ನು ಅವರು ಈಗಲೂ ಮರಿ ಅಂತಲೇ ಕರೆಯುತ್ತಿದ್ದರು. ಅಮ್ಮ ತೀರಿಕೊಂಡ ವಾರವೇ ಅಪ್ಪ ಬೀದಿಯಿಂದ ಎತ್ತಿಕೊಂಡು ಬಂದದ್ದು. "ಒಂದ್ಸಲ ಅದರ ತಲೆ ಮೇಲೆ ಕೈ ಇಟ್ರೆ ಸಾಕು ಕಣಮ್ಮ. ಆಮೇಲೆ ದೇವ್ರು ನನ್ನ ಎಲ್ಲಿಗ್ ಬೇಕಾದ್ರೂ ಕರ್ಕೊಂಡ್ ಹೋಗ್ಲಿ" ಅಂದರು.

ಮರಿಯನ್ನು ಕರೆತರಲು ಹೇಳಲೆಂದು ಮಾರನೆಯ ದಿನ ಕೌಂಟರಿನಿಂದಲೇ ತಮ್ಮನಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಅವನ ಹೆಸರು ಎಡವಟ್ಟುರಾಯ. ಉಪ್ಪು ತಾ ಅಂದರೆ ಸೋಪು ತಂದವನು, ಅಮ್ಮನ ಕನ್ನಡಕ ತೊಳೆಯಲು ಹೋಗಿ ಮುರಿದವನು. ನಾವೆಲ್ಲ ನಗುತ್ತಿದ್ದರೆ ಅವನೂ ಜೊತೆಗೆ ನಗುತ್ತಿದ್ದ. ನಾನು ಮಾತಾಡುತ್ತಿದ್ದಾಗಲೇ ಆ ಕಾಲುಚೀಲದವನು ಆಮೆ ಕೊಡುವುದಿಲ್ಲ ಅಂತ ರಂಪ ಮಾಡುತ್ತಿದ್ದ. ಒಂದು ಕಣ್ಣು ಅವನ ಮೇಲೆ, ಒಂದು ಕಿವಿ ಫೋನಿಗೆ. ಏನು ಹೇಳಿದೆನೋ, ಗಡಿಬಿಡಿಯಲ್ಲಿ ಹೇಳಿದೆ. "ನಿಧಾನ ಅಕ್ಕ, ಬರ್ಕೋತಾ ಇದೀನಿ" ಅಂದ. "ಬರ್ಕೋ. ನಿನ್ನ ಬುದ್ಧಿ ಮಾತ್ರ ಉಪಯೋಗಿಸ್ಬೇಡ, ನಾನು ಹೇಳ್ದಷ್ಟು ಮಾಡು" ಅಂದು ಇಟ್ಟೆ.

ಆ ಒಂದು ತಿಂಗಳು ಅಪ್ಪ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಮರಿ ಬರುವ ದಿನ ಬೆಳಗ್ಗೆ ನನ್ನ ಕೈಯಲ್ಲಿ ಒಂದು ಬಟ್ಟಲು ತೊಳೆಸಿ, ನೀರು ತುಂಬಿಸಿ, ಮಂಚದ ಪಕ್ಕ ಇಡಿಸಿದರು.

ತಮ್ಮ ಪಂಜರದ ಗಾಡಿ ತಳ್ಳಿಕೊಂಡು ಬಂದ. ಗೆದ್ದು ಬಂದವನ ಮುಖ. ಮರಿ ಜಾಲರಿಗೆ ಮೂಗು ಒತ್ತಿ ನನ್ನ ಬೆರಳು ನೆಕ್ಕಿತು. ಮನೆಯವರ ಕಾಗದ ನಾನು ನೋಡುವಂತಿಲ್ಲ, ಹಾಗಾಗಿ ಫೈಲನ್ನು ಪಕ್ಕದಲ್ಲಿದ್ದ ಪಶುವೈದ್ಯನ ಕಡೆ ಸರಿಸಿದೆ. ಅವನು ಎರಡು ಹಾಳೆ ತಿರುವಿ, ನನ್ನ ಮುಖ ನೋಡಿದ.

"ಮೇಡಂ... ಲಸಿಕೆ ಹನ್ನೊಂದನೇ ತಾರೀಖು. ಚಿಪ್ ಹನ್ನೆರಡು."

ಇಡೀ ಸಾಲು ತಿರುಗಿ ನೋಡುವ ಹಾಗೆ ಕೂಗಿದೆ. "ಒಂದು ಕೆಲಸ ಹೇಳಿದ್ದು ನಿಂಗೆ! ಜನ್ಮದಲ್ಲಿ ಒಂದೇ ಒಂದು ಕೆಲಸ! ಅದನ್ನೂ ನೆಟ್ಟಗೆ ಮಾಡೋಕಾಗ್ಲಿಲ್ವಾ?"

ಅವನು ಫೈಲಿನ ಕಡೆ ಕೈ ಚಾಚಿದ. ಮತ್ತೆ ಹಿಂದಕ್ಕೆ ಎಳೆದುಕೊಂಡ.

ಬೇರೆ ಸರ್ಟಿಫಿಕೇಟ್ ಏನಾದರೂ ಇರಬಹುದೆಂದು ನಾನೇ ಫೈಲ್ ಎಳೆದುಕೊಂಡು ಹುಡುಕಿದೆ. ಕೊನೆಯ ಹಾಳೆಗೆ ಒಂದು ಚೀಟಿ ಪಿನ್ ಮಾಡಿತ್ತು. ತಮ್ಮನ ಗುಂಡು ಗುಂಡು ಅಕ್ಷರ.

"ಅಕ್ಕ ಹೇಳಿದ್ದು. ಒಂದು, ಲಸಿಕೆ. ಎರಡು, ಚಿಪ್. ಮೂರು, ಡಾಕ್ಟರ ಸೀಲು. ನಾಲ್ಕು, ತಿಂಗಳು ಬಿಟ್ಟು ಹೊರಡುವುದು. ಐದು, ನನ್ನ ಬುದ್ಧಿ ಉಪಯೋಗಿಸಬಾರದು."

ಐದಕ್ಕೂ ಮುಂದೆ ಸರಿ ಗುರುತು ಹಾಕಿದ್ದ.

ಇಪ್ಪತ್ತೆರಡು ವರ್ಷದಲ್ಲಿ ಯಾರ ಕೈಯಿಂದಲೂ ಒಂದು ಬೀಜ ಒಳಗೆ ಬಿಟ್ಟವಳಲ್ಲ ನಾನು. ಆ ಚೀಟಿಯನ್ನು ಪಿನ್ನಿನಿಂದ ಬಿಡಿಸಿ, ಮಡಿಸಿ, ಯೂನಿಫಾರ್ಮಿನ ಜೇಬಿಗೆ ಇಳಿಸಿದೆ. ಪಶುವೈದ್ಯ ನೋಡಲಿಲ್ಲ. ತಮ್ಮ ನೋಡಿದ. ನೋಡಿ, ಬಗ್ಗಿ, ಪಂಜರದ ಚಿಲಕ ಸರಿಮಾಡತೊಡಗಿದ.

ಮರಿ ಶೆಡ್ಡಿಗೆ ಹೋಯಿತು. ಮನೆಯ ದಾರಿಯುದ್ದಕ್ಕೂ ಅವನು ಬಯ್ಯಲಿ ಅಂತ ಕಾದೆ. ಬಯ್ಯಲಿಲ್ಲ. ಮನೆಗೆ ಬಂದು ಅಪ್ಪನ ಮಂಚದ ಪಕ್ಕ, ಆ ಬಟ್ಟಲಿನ ಹತ್ತಿರವೇ ನೆಲದ ಮೇಲೆ ಕೂತ. "ಅಪ್ಪ, ಮರಿ ಬರೋದು ಇನ್ನೂ ಒಂದು ತಿಂಗಳು ಆಗುತ್ತೆ. ಕಾಗದದಲ್ಲಿ ನಾನೇ ಎಡವಟ್ಟು ಮಾಡ್ದೆ."

ಅಪ್ಪ, "ನಿನ್ನ ನಂಬಿದ್ದು ನನ್ನ ತಪ್ಪು" ಅಂದು ಗೋಡೆಯ ಕಡೆ ಹೊರಳಿದರು.

ನಾನು ಬಾಗಿಲಲ್ಲಿ ನಿಂತಿದ್ದೆ. "ಅಪ್ಪ, ಅದು ನಾನು ಹೇಳಿದ್ದು" ಅಂತ ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು. ಬಿಸಿ ತುಪ್ಪದ ಹಾಗೆ, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಬಂದವರಿಗೆಲ್ಲ "ನನ್ ಮಗಳು ಕೈ ಎತ್ತಿದ್ರೆ ವಿಮಾನದೋರೆಲ್ಲ ನಿಂತ್ಕೋಬೇಕು" ಅಂತ ಹೇಳಿಕೊಳ್ಳುತ್ತಿದ್ದ ಅಪ್ಪ. ಆ ಹೆಮ್ಮೆಯೊಂದು ನನಗೆ ಬೇಕಿತ್ತು. ಇದ್ದದ್ದು ಇದ್ದ ಹಾಗೆ ಹೇಳಬೇಕೆಂದರೆ ಅಷ್ಟೇ ಕಾರಣ. ಇವತ್ತು ಬೇಡ, ನಾಳೆ ಹೇಳಿದರಾಯಿತು ಅಂದುಕೊಂಡೆ.

ದಿನಾ ಕೆಲಸ ಮುಗಿಸಿ ಶೆಡ್ಡಿಗೆ ಹೋಗುತ್ತಿದ್ದೆ. ನನಗೆ ಪ್ರವೇಶ ಇತ್ತು, ಅಪ್ಪನಿಗೆ ಇರಲಿಲ್ಲ. ಒಂದು ದಿನ ಫೋನನ್ನು ಮರಿಯ ಕಿವಿಗೆ ಹಿಡಿದೆ. ಅಪ್ಪ ಏದುಸಿರಿನಲ್ಲಿ "ಮರೀ, ಮರೀ" ಅಂತ ಕರೆದರು. ಅದು ನನ್ನ ಕೈ ಮೂಸಿ ನೋಡಿ, ಮೂಲೆಗೆ ಹೋಗಿ ಮಲಗಿತು. ಮನೆಗೆ ಬಂದಾಗ ಅಪ್ಪ, "ಗುರುತು ಹಿಡೀತಲ್ವಾ? ಬಾಲ ಅಲ್ಲಾಡಿಸ್ತಾ?" ಅಂದರು. ಹೂಂ ಅಂದೆ. ಆ ಹೊತ್ತಿಗೆ ಸುಳ್ಳು ನನ್ನ ಬಾಯಿಗೆ ಹೊಂದಿಕೊಂಡಿತ್ತು.

ಆ ದಿನಗಳಲ್ಲಿ ಅಪ್ಪನ ಬಟ್ಟೆ ಬದಲಿಸಿದವನು, ಬೆನ್ನು ಒರೆಸಿದವನು, ನೀರು ಕುಡಿಸಿದವನು ತಮ್ಮನೇ. ಅಪ್ಪ ಅವನ ಕೈಯಿಂದ ನೀರು ಕುಡಿಯುತ್ತಿದ್ದರು, ಮಾತಾಡುತ್ತಿರಲಿಲ್ಲ.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ನನ್ನನ್ನು ಹತ್ತಿರ ಕರೆದರು. ತಮ್ಮ ಚಮಚ ಹಿಡಿದು ಅಲ್ಲೇ ಕೂತಿದ್ದ. "ಮರಿನ ಇವನ ಕೈಗೆ ಕೊಡ್ಬೇಡಮ್ಮ" ಅಂದರು. "ನೀನೇ ಇಟ್ಕೋ. ನೀನಾದ್ರೆ ಎಡವಲ್ಲ."

ಈಗ ಹೇಳು, ಈಗ ಹೇಳು ಅಂತ ನನಗೆ ನಾನೇ ಹೇಳಿಕೊಂಡೆ. ತಮ್ಮ ನನ್ನ ಕಡೆ ನೋಡಲೂ ಇಲ್ಲ. ಅಪ್ಪನ ಗಲ್ಲದ ಮೇಲಿನ ನೀರು ಒರೆಸುತ್ತಿದ್ದ. "ಸರಿ ಅಪ್ಪ" ಅಂದೆ. ನಾಲ್ಕು ಗಂಟೆಗೆ ಅಪ್ಪ ಹೋದರು. ಬಟ್ಟಲಿನ ನೀರು ಹಾಗೇ ಇತ್ತು.

ಮೂವತ್ತನೆಯ ದಿನ ಇಬ್ಬರೂ ಶೆಡ್ಡಿನ ಕಚೇರಿಗೆ ಹೋದೆವು. ಬಿಡುಗಡೆಯ ಫಾರಂನಲ್ಲಿ "ತಡೆಹಿಡಿಯಲು ಕಾರಣ" ಅಂತ ಒಂದು ಸಾಲಿದೆ. ಇಂಥ ನೂರಾರು ಫಾರಂಗಳಲ್ಲಿ "ಪ್ರಯಾಣಿಕರ ನಿರ್ಲಕ್ಷ್ಯ" ಅಂತ ನಾನೇ ಬರೆದಿದ್ದೇನೆ. ಅವತ್ತು ನಾಯಿ ಬಿಡಿಸಿಕೊಳ್ಳುವವಳಾಗಿ ತುಂಬಲು ಕೂತರೆ ಪೆನ್ನು ಓಡಲಿಲ್ಲ. ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟೆ. ಮಡಿಕೆಯಲ್ಲಿ ಹರಿಯುವ ಹಾಗಾಗಿತ್ತು.

"ಯಾಕೋ ಬಾಯಿ ಬಿಡ್ಲಿಲ್ಲ ನೀನು? ಅವತ್ತೇ, ಎಲ್ಲರೆದುರಿಗೆ, ನೀನೇ ಹೇಳಿದ್ದಲ್ವಾ ಅನ್ಬೇಕಿತ್ತು!" ಅಂದೆ. ಆಗಲೂ ನನ್ನದೇ ಜೋರು.

ಅವನು ಚೀಟಿ ಓದಿದ. "ಅಲ್ಲಿನ ಡಾಕ್ಟ್ರು ಮೊದ್ಲು ಚಿಪ್ ಹಾಕೋಣ ಅಂದ್ರು ಅಕ್ಕ. ನಾನೇ ಬೇಡ ಅಂದೆ. ನಮ್ಮಕ್ಕ ಅಲ್ಲಿ ಆಫೀಸರು, ಅವಳು ಹೇಳಿದ್ ಮೇಲೆ ತಪ್ಪಿರಲ್ಲ ಅಂದೆ."

ನನಗೆ ಅಳು ತಡೆಯಲಾಗಲಿಲ್ಲ. ಚೀಟಿಯನ್ನು ಫಾರಂಗೆ ಪಿನ್ ಮಾಡಲು ಹೋದೆ. ಅವನು ನನ್ನ ಕೈ ಹಿಡಿದುಕೊಂಡ.

"ಬಿಡಕ್ಕ. ಇದನ್ನ ತೋರಿಸ್ಬೇಕಾಗಿದ್ದು ಒಬ್ಬರಿಗೆ. ಇನ್ನು ಯಾರಿಗ್ ತೋರಿಸ್ತೀಯ?"

ಒಳಗಿನಿಂದ ಮರಿಯನ್ನು ಕರೆತಂದರು. ಅದು ತಮ್ಮನನ್ನು ಮೂಸಿತು, ನನ್ನನ್ನು ಮೂಸಿತು, ಆಮೇಲೆ ನಮ್ಮಿಬ್ಬರನ್ನೂ ದಾಟಿಕೊಂಡು ಹೋಗಿ ಬಾಗಿಲ ಹೊರಗೆ ಬೇರೆ ಯಾರಾದರೂ ಬಂದಿದ್ದಾರಾ ಅಂತ ನೋಡಿತು.