ಕಿಟಕಿಯೆದುರಿನ ತಗಡು

ದರ್ಜಿಯ ಮನೆ ಎರಡನೆಯ ಮಹಡಿಯಲ್ಲಿತ್ತು; ಕಂಬಗಳ ಮೇಲೆ ನಿಂತ ರೈಲು ನಿಲ್ದಾಣವೂ ಅದೇ ಎತ್ತರದಲ್ಲಿತ್ತು. ಅವನ ಕಿಟಕಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಹನ್ನೊಂದು ಅಡಿ. ಕಿಟಕಿಗೆ ಆನಿಸಿದ ಮಂಚದ ಮೇಲೆ ಅವನ ಅಕ್ಕ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ನಾಲಿಗೆಗೆ ಮಾತ್ರ ಯಾವ ಊನವೂ ಇರಲಿಲ್ಲ.

“ಬಂದ ನೋಡೋ, ಮೊರಗಿವಿ. ಇವತ್ತೂ ರೈಲಿಗೆ ಓಟ.” ದಿನವೂ ಬರುವ ಪ್ರಯಾಣಿಕರಿಗೆಲ್ಲ ಅವಳು ಒಂದೊಂದು ಅಡ್ಡಹೆಸರಿಟ್ಟಿದ್ದಳು.

“ಸಿಗಲ್ಲ ಬಿಡಕ್ಕ.”

“ಸಿಕ್ತು. ಚೀಲ ಮಾತ್ರ ಬಾಗಿಲಲ್ಲಿ ಸಿಕ್ಕಿಹಾಕ್ಕೊಂಡಿದೆ. ಅಯ್ಯೋ, ಅವನ ಮುಖ ನೋಡು!”

ಹತ್ತು ಗಂಟೆಗೆ ಪ್ಲಾಟ್‌ಫಾರ್ಮಿನ ತುದಿಯಿಂದ ಆಳೆತ್ತರದ ತಗಡುಗಳನ್ನು ಸಾಲಾಗಿ ನಿಲ್ಲಿಸತೊಡಗಿದರು. ಅಕ್ಕ ಕತ್ತು ಚಾಚಿ ನೋಡಿದಳು. ದರ್ಜಿಯ ಕಾಲು ಹೊಲಿಗೆ ಯಂತ್ರದ ಮೇಲೆ ಇದ್ದಲ್ಲೇ ಉಳಿಯಿತು. ಎರಡು ವರ್ಷಗಳ ಹಿಂದೆ, ನಿಲ್ದಾಣ ತೆರೆದ ವಾರದಲ್ಲೇ, ಅರ್ಜಿ ಬರೆದವನು ಅವನೇ: ಜನ ಮನೆಯೊಳಗೆ ಇಣುಕುತ್ತಾರೆ, ಹಾಸಿಗೆ ಹಿಡಿದ ಹೆಂಗಸಿದ್ದಾಳೆ, ಮರೆ ಕಟ್ಟಿಸಿಕೊಡಿ. ನಲವತ್ತೊಂದು ಮನೆಗಳ ಬಾಗಿಲು ತಟ್ಟಿ ಸಹಿ ಹಾಕಿಸಿದ್ದ. ಅಕ್ಕನನ್ನು ಕೇಳಿರಲಿಲ್ಲ. ಉತ್ತರ ಬರಲಿಲ್ಲ, ಅವನೂ ಮರೆತುಬಿಟ್ಟಿದ್ದ.

ಒಂದು ತಗಡಿಗೆ ಇಪ್ಪತ್ತು ನಿಮಿಷ. ಕಿಟಕಿಯ ನೇರಕ್ಕೆ ಬರುವುದು ಏಳನೆಯದು. ಎರಡು ಗಂಟೆಯ ಅವಕಾಶವಿತ್ತು. ಅವನು ಬೀದಿಗಿಳಿದು, ನಿಲ್ದಾಣದ ಐವತ್ತನಾಲ್ಕು ಮೆಟ್ಟಿಲು ಹತ್ತಿ ಅಲ್ಲಿನ ಅಧಿಕಾರಿಣಿಯ ಮುಂದೆ ನಿಂತ.

“ನಿಮ್ಮ ಅರ್ಜಿ ಮೇಲೇ ಅಲ್ವಾ ಯಜಮಾನ್ರೇ ಇದು? ಮಲಗಿದ್ದ ಕಡತ ಈಗ ಎದ್ದಿದೆ. ಖುಷಿಪಡ್ತೀರಿ ಅಂದ್ಕೊಂಡಿದ್ದೆ.”

“ವಾಪಸ್ ತಗೋತೀನಿ ಮೇಡಂ.”

“ನೀವೊಬ್ರು ತಗೊಂಡ್ರೆ ಆಗಲ್ಲ. ಉಳಿದ ನಲವತ್ತೊಂದು ಮನೆಯವ್ರೂ ಬೇಡ ಅಂತ ಬರ್ಕೊಡ್ಲಿ.”

“ನನ್ನ ಕಿಟಕಿ ಎದುರಿಂದು ಒಂದನ್ನಾದ್ರೂ ಬಿಡಿ.”

“ಒಂದು ಬಿಟ್ರೆ ಎಲ್ಲರೂ ಅಲ್ಲೇ ಬಂದು ಇಣುಕ್ತಾರೆ. ನೀವೇ ಯೋಚ್ನೆ ಮಾಡಿ.”

ಇದ್ದ ಹೊತ್ತನ್ನು ಹಂಚಿದರೆ ಮನೆಯೊಂದಕ್ಕೆ ಮೂರು ನಿಮಿಷವೂ ಸಿಗುತ್ತಿರಲಿಲ್ಲ. ಅದು ಗೊತ್ತಿದ್ದೂ ಇಳಿದು ಹೋದ. ಮೊದಲ ಮನೆಯ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಕ್ಕಳು. “ಅವತ್ತು ಮಾನ ಮರ್ಯಾದೆ ಅಂತ ಅಷ್ಟು ಭಾಷಣ ಬಿಗಿದ್ರಲ್ಲ ಅಣ್ಣಾ, ಈಗ ಅದು ಬೇಡ್ವಾ?” ನಗುತ್ತಲೇ ಸಹಿ ಹಾಕಿದಳು. ಎರಡನೆಯ ಮನೆಯವರೂ, ಯಜಮಾನ ಬರಲಿ ಎಂದು ಒಂದು ಗಂಟೆ ಕಾಯಿಸಿ, ಹಾಕಿದರು. ಮೂರನೆಯ ಮನೆಯವನು ಆಗದೆಂದು ಕದ ಹಾಕಿಕೊಂಡ. ಒಂದು ಕಳೆದಮೇಲೆ ಉಳಿದ ನಲವತ್ತರಿಂದ ಪ್ರಯೋಜನವಿರಲಿಲ್ಲ. ಆದರೂ ನಾಲ್ಕನೆಯ ಬಾಗಿಲು ತಟ್ಟಿದ, ಐದನೆಯದನ್ನೂ ತಟ್ಟಿದ. ಆಮೇಲೆ ಮನೆಗೆ ಬಂದ.

ಆರನೆಯ ತಗಡು ನಿಂತಾಗಿತ್ತು.

“ಯಾರೋ ಪುಣ್ಯಾತ್ಮ ಬರೆದಿರ್ಬೇಕು ಕಣೋ,” ಎಂದಳು ಅಕ್ಕ. “ಇಲ್ದಿದ್ರೆ ಇವ್ರು ತಾವಾಗಿ ಒಂದು ಮೊಳೆ ಹೊಡೆಯೋರಲ್ಲ.”

“ನಾನೇ ಅಕ್ಕ.”

ಅವಳು ತಿರುಗಿ ನೋಡಲಿಲ್ಲ. ಎದುರಿಗೆ ಇಬ್ಬರು ಆಳುಗಳು ಏಳನೆಯದನ್ನು ಎತ್ತಿ ಹಿಡಿದರು. ಒಬ್ಬ ಅವಳನ್ನು ಕಂಡು ಕ್ಷಣ ತಡೆದ; ಇನ್ನೊಬ್ಬ ಗದರಿದ. ತಗಡು ಕುಳಿತಿತು. ಕೋಣೆಯ ಬೆಳಕು ಅರ್ಧಕ್ಕಿಳಿಯಿತು.

“ನನ್ನನ್ನ ಒಂದು ಮಾತು ಕೇಳ್ಬಹುದಿತ್ತು.”

“ಹೂಂ.”

ರೈಲು ಬಂತು. ಬಾಗಿಲು ತೆರೆದ ಸದ್ದು, ಹೆಜ್ಜೆಗಳ ಸದ್ದು, ಬಾಗಿಲು ಮುಚ್ಚಿದ ಸದ್ದು. ಅದು ಹೋದಮೇಲೆ ಅಕ್ಕ, “ಮಂಚ ಈ ಕಡೆ ತಿರುಗ್ಸು” ಎಂದಳು.

ತಿರುಗಿಸಿದ. ಈಗ ಅವಳಿಗೆ ನೋಡಲು ಇದ್ದವನು ಅವನೊಬ್ಬನೇ. ಅವನು ಯಂತ್ರದ ಮುಂದೆ ಕುಳಿತು, ಅರ್ಧಕ್ಕೆ ಬಿಟ್ಟಿದ್ದ ಅಂಗಿಯ ತೋಳನ್ನು ಹೊಲಿಯತೊಡಗಿದ. ಅವಳು ನೋಡುತ್ತಿದ್ದಳು.