ಮೇಲೆ ಬೆಚ್ಚಗೆ, ಕೆಳಗೆ ಮಂಜುಗಡ್ಡೆ

ಭಾವನ ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ನಿಂತಿರುವ ಸೋಡಾ ಮಷೀನಿಗೆ ನನ್ನ ಮದುವೆಗಿಂತ ಹೆಚ್ಚು ವಯಸ್ಸು. ಕೆಂಪು ಬಣ್ಣ, ಆಳೆತ್ತರ, ಎದೆಯ ಮೇಲೆ ಉದ್ದನೆಯ ಗಾಜಿನ ಬಾಗಿಲು. ನಾಣ್ಯ ಹಾಕಿ ಬಾಟಲಿಯ ಕುತ್ತಿಗೆ ಹಿಡಿದು ಎಳೆದರೆ ಕಿತ್ತಳೆ ಬಣ್ಣದ ಸಿಹಿ ಸೋಡಾ ಕೈಗೆ ಬರುತ್ತದೆ. ಇಬ್ಬರು ಸೇರಿ ನೂಕಿದರೂ ಅಲ್ಲಾಡುವುದಿಲ್ಲವಾದ್ದರಿಂದ ಭಾವ ಅದಕ್ಕೆ ಪೈಲ್ವಾನ ಎಂದು ಹೆಸರಿಟ್ಟಿದ್ದಾರೆ. ಮೂವತ್ತು ವರ್ಷದಿಂದ ಫ್ರಿಜ್ ರಿಪೇರಿ ಮಾಡುತ್ತಿರುವ ನನಗೆ ಅದರ ಹೊಟ್ಟೆಯೊಳಗಿನ ಒಂದೊಂದು ತಿರುಪೂ ಗೊತ್ತು ಎಂಬ ಜಂಬವಿತ್ತು.

ಆ ಮಂಗಳವಾರ ಮಧ್ಯಾಹ್ನ ಭಾವನ ಫೋನ್ ಬಂತು.

“ಪೈಲ್ವಾನ ಮತ್ತೆ ಕೈ ಕೊಟ್ಟ ಕಣಯ್ಯ. ಮೇಲಿನ ಬಾಟ್ಲಿ ಬೆಚ್ಚಗೆ, ಕೆಳಗಿನದು ಕಲ್ಲು. ಬೆಳಿಗ್ಗೆ ಒಂದು ಒಳಗೇ ಒಡೆದುಹೋಯ್ತು.”

“ಹೋದ ತಿಂಗಳು ತಾನೇ ಬಂದು ನೋಡಿದ್ನಲ್ಲ ಭಾವ?”

“ನೋಡಿದೆ. ನೋಡಿ ಹೋದೆ. ಅಷ್ಟೇ.”

ಭಾವ ಹೀಗೇ. ವರ್ಷಾನುಗಟ್ಟಲೆ ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿದವರು, ಎದುರಿನವರ ಮಾತು ವೇಗ ಹಿಡಿಯುವ ಮೊದಲೇ ನಿಲ್ಲಿಸಿಬಿಡುತ್ತಾರೆ. ಅವರು ಹೇಳಿದ್ದು ನಿಜವೇ. ಹೋದ ತಿಂಗಳು ಸಾಕಷ್ಟು ತಣ್ಣಗಾಗುತ್ತಿಲ್ಲ ಎಂದು ಕರೆದಿದ್ದರು. ನಾನು ಹತ್ತು ನಿಮಿಷವೂ ಅಲ್ಲಿರಲಿಲ್ಲ. ತಂಪು ಹೆಚ್ಚುಕಡಿಮೆ ಮಾಡುವ ಥರ್ಮೋಸ್ಟಾಟನ್ನು ಕೊನೆಯವರೆಗೆ ತಿರುಗಿಸಿ, “ಇನ್ನು ಹಲ್ಲು ಜುಮ್ಮೆನ್ನೋ ಹಾಗೆ ತಣ್ಣಗಾಗುತ್ತೆ” ಎಂದು ಹೇಳಿ ಹೊರಟುಬಿಟ್ಟಿದ್ದೆ. ಮನೆಯವರ ಕೆಲಸವೆಂದರೆ ನನಗೆ ಯಾವಾಗಲೂ ಅಷ್ಟಕ್ಕಷ್ಟೇ. ಅಕ್ಕನ ಮನೆಯ ಫ್ರಿಜ್ಜು ಮೂರು ತಿಂಗಳಿಂದ ಕಂಪ್ರೆಸರ್ ಇಲ್ಲದೆ ನನ್ನ ಅಂಗಡಿಯ ಮೂಲೆ ಹಿಡಿದಿತ್ತು. ಅದರ ಮೇಲೆ ನಾನು ಊಟದ ಡಬ್ಬಿ ಇಡುತ್ತಿದ್ದೆ.

ಈ ಸಲವೂ ಹೋಗಲು ಮನಸ್ಸಿರಲಿಲ್ಲ. ಕಾರಣ ಪೈಲ್ವಾನನಲ್ಲ, ಅಕ್ಕ. ಗುರುವಾರ ಅವಳ ಬಲಗಣ್ಣಿನ ಆಪರೇಷನ್ ಎಂದು ಗೊತ್ತಾಗಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಅದಾಗಲೇ ಎರಡು ಸಲ ದಿನ ಗೊತ್ತುಮಾಡಿ, ರಕ್ತದಲ್ಲಿ ಸಕ್ಕರೆ ವಿಪರೀತ ಇದೆಯೆಂದು ಎರಡು ಸಲವೂ ಮುಂದೂಡಿದ್ದರು. ಹದಿನೆಂಟು ಯುನಿಟ್ ಇದ್ದ ಇನ್ಸುಲಿನ್ ಇಪ್ಪತ್ತಾರಾಯಿತು. ಸೋಮವಾರ ಡಾಕ್ಟರು ಅದನ್ನು ಮೂವತ್ತಾರಕ್ಕೆ ಏರಿಸಿ, ಇನ್ನೊಂದು ಸಲ ಮುಂದೂಡಬೇಕಾಗಿ ಬಂದರೆ ಆ ಕಣ್ಣಿನ ಆಸೆ ಬಿಡಿ ಎಂದಿದ್ದರು.

ಅದರ ಹಿಂದಿನ ದಿನ, ಭಾನುವಾರ, ನಾನು ದೊಡ್ಡಮನುಷ್ಯನ ಹಾಗೆ ಅಕ್ಕನಿಗೆ ಬುದ್ಧಿ ಹೇಳಲು ಹೋಗಿದ್ದೆ.

“ನೀನು ಕದ್ದು ಸಿಹಿ ತಿಂತಿದ್ದೀಯ ಅಕ್ಕ. ಇಲ್ದಿದ್ರೆ ಇಷ್ಟು ಏರೋಕೆ ಸಾಧ್ಯವೇ ಇಲ್ಲ.”

“ಇಲ್ಲ ಕಣೋ. ಅಮ್ಮನಾಣೆ ಒಂದು ಚೂರೂ ಬಾಯಿಗೆ ಹಾಕಿಲ್ಲ.”

ನಾನು ನಂಬಲಿಲ್ಲ. ನನ್ನ ಮಾತು ಕೇಳಿ ಭಾವ ಸಕ್ಕರೆ, ಬಿಸ್ಕತ್ತು, ಜಾಮು ಎಲ್ಲವನ್ನೂ ಬೀರುವಿನೊಳಗೆ ಹಾಕಿ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದರು. ಐವತ್ತೆಂಟು ವರ್ಷದ ಹೆಂಗಸು, ತನ್ನದೇ ಅಡುಗೆಮನೆಯಲ್ಲಿ ಕಳ್ಳಿಯ ಹಾಗೆ ನಿಂತು ಅದನ್ನು ನೋಡಿದಳು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು.

ಅಂತೂ ಚೀಲ ಹೆಗಲಿಗೇರಿಸಿ ಹೋದೆ. ಅಕ್ಕ ಮಹಡಿಯ ಮೇಲಿನ ಮನೆಯಲ್ಲಿ ಮಲಗಿದ್ದಾಳೆ ಎಂದರು ಭಾವ. ಒಳ್ಳೆಯದೇ ಆಯಿತು ಎಂದುಕೊಂಡು ಕೆಲಸಕ್ಕೆ ಕೈ ಹಾಕಿದೆ.

“ಗ್ಯಾಸ್ ಹೋಗಿರ್ಬೇಕು,” ಎಂದರು ಭಾವ. ಯಾವ ಮಷೀನು ಕೆಟ್ಟರೂ ಎಲ್ಲರೂ ಹೇಳುವುದು ಅದನ್ನೇ.

“ಗ್ಯಾಸ್ ಹೋಗಿದ್ರೆ ಕೆಳಗೆ ಹೇಗೆ ಗಡ್ಡೆ ಕಟ್ಟುತ್ತೆ ಭಾವ? ನೀವು ಗೇರ್ ನೋಡ್ಕೊಳ್ಳಿ, ಇದನ್ನ ನನಗೆ ಬಿಡಿ.”

ಹಿಂದಿನಿಂದ ಕೈಯಿಟ್ಟು ನೋಡಿದೆ. ಕಂಪ್ರೆಸರ್ ಸುಡುತ್ತಿತ್ತು. ಒಂದು ಗಳಿಗೆಯೂ ಬಿಡುವಿಲ್ಲದೆ ಓಡಿದ ಲಕ್ಷಣ ಅದು. ಬಾಟಲಿಗಳನ್ನೆಲ್ಲ ಇಳಿಸಿ ನೆಲದ ಮೇಲಿಟ್ಟೆ. ಮೇಲಿನ ಸಾಲಿನವು ಬೆಚ್ಚಗಿದ್ದವು, ಕೆಳಗಿನವುಗಳನ್ನು ಮುಟ್ಟಿದರೆ ಬೆರಳು ಅಂಟುತ್ತಿತ್ತು. ಬೀಡಿ ಕಟ್ಟಿನ ಕಾಗದ ಹರಿದು ಗಾಳಿ ಬರುವ ಕಂಡಿಯ ಮುಂದೆ ಹಿಡಿದೆ. ಅಲುಗಲಿಲ್ಲ. ಒಳಗಿನ ಫ್ಯಾನು ಸತ್ತಿತ್ತು.

ಅಲ್ಲಿಗೆ ಎಲ್ಲ ತಿಳಿಯಿತು. ತಂಪು ಸೋಮಾರಿ, ಯಾರಾದರೂ ನೂಕದಿದ್ದರೆ ಕೂತಲ್ಲೇ ಕೂರುತ್ತದೆ. ಅದನ್ನು ಮೇಲಕ್ಕೆ ನೂಕುವುದು ಆ ಫ್ಯಾನಿನ ಕೆಲಸ. ಥರ್ಮೋಸ್ಟಾಟಿನ ಬಿಸಿ ಅಳೆಯುವ ತುದಿ ಇರುವುದು ಮೇಲೆ. ಮೇಲೆ ಬಿಸಿಯಿದ್ದಷ್ಟು ಹೊತ್ತು ಅದು ಕಂಪ್ರೆಸರನ್ನು ಓಡಿಸುತ್ತಲೇ ಇರುತ್ತದೆ, ಕೆಳಗೆ ಮಂಜು ಕಟ್ಟುತ್ತಲೇ ಹೋಗುತ್ತದೆ. ಒಂದು ಕಾಗದದ ಚೂರು ಹಿಡಿದು ನೋಡಿದ್ದರೆ ಹೋದ ತಿಂಗಳೇ ಗೊತ್ತಾಗುತ್ತಿತ್ತು. ನಾನು ಅದನ್ನು ಬಿಟ್ಟು, ಇದ್ದ ತಂಪನ್ನೆಲ್ಲ ಕೆಳಗೇ ಸುರಿಯುವಂತೆ ಮಾಡಿ ಹೋಗಿದ್ದೆ. ಭಾವನಿಗೆ ಇದನ್ನು ಹೇಳದೆ ಫ್ಯಾನು ಬದಲಿಸಿಬಿಟ್ಟರಾಯಿತು ಎಂದು ಯೋಚಿಸಿದೆ.

ಕೆಳಗಿನ ತಗಡು ಒಂದೇ ತಿರುಪಿನ ಮೇಲೆ ನೇತಾಡುತ್ತಿತ್ತು. ಸರಿಸಿದೆ. ಬೆಳ್ಳಗೆ ಮಂಜು ಹಿಡಿದ ಕೊಳವೆಗಳ ಪಕ್ಕದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕಚ್ಚಿಕೊಂಡು ಕೂತಿತ್ತು.

“ಇದೇನು ಭಾವ?”

“ಹುಷಾರು, ಹುಷಾರು. ಅವಳ ಇನ್ಸುಲಿನ್ ಅದು. ಮನೇಲಿ ಫ್ರಿಜ್ ಇಲ್ವಲ್ಲ, ಎಲ್ಲಕ್ಕಿಂತ ತಣ್ಣಗಿರೋ ಜಾಗ ಅಂತ ಅಲ್ಲಿಟ್ಟೆ.”

“ನನಗೊಂದು ಮಾತು ಹೇಳೋದಲ್ವಾ?”

“ಹೇಳಿದ್ರೆ ಫ್ರಿಜ್ ಮಾತು ಬರುತ್ತೆ, ಪಾಪ ಅವನಿಗೆ ಮುಜುಗರ ಆಗುತ್ತೆ ಅಂತ ಅವಳೇ ಬೇಡ ಅಂದ್ಲು.”

ಡಬ್ಬಿ ಬಿಚ್ಚಿದೆ. ಶೀಶೆಯ ತಳದಲ್ಲಿ ಉಳಿದಿದ್ದ ಔಷಧಿ ಬಿಳಿ ಗಟ್ಟಿಯಾಗಿತ್ತು.

“ಇದು ಯಾವಾಗ್ಲೂ ಹೀಗೇ ಇರ್ತಿತ್ತಾ?”

“ಒಂದು ತಿಂಗಳಿಂದ ಹಾಗೇ. ಅಂಗೈಯಲ್ಲಿ ಉಜ್ಜಿ ಉಜ್ಜಿ ಕರಗಿಸಿ ಚುಚ್ಕೋತಾಳೆ. ಯಾಕೆ?”

ಮೆಡಿಕಲ್ ಶಾಪುಗಳ ಫ್ರಿಜ್ ರಿಪೇರಿಗೆ ಹೋಗಿ ಹೋಗಿ ನನಗೆ ಈ ಒಂದು ವಿಷಯ ಚೆನ್ನಾಗಿ ಗೊತ್ತು. ಇನ್ಸುಲಿನ್ ತಣ್ಣಗಿರಬೇಕು, ಹೆಪ್ಪುಗಟ್ಟಬಾರದು. ಒಮ್ಮೆ ಗಟ್ಟಿಯಾಯಿತೆಂದರೆ ಅದರ ಶಕ್ತಿ ಹೋಯಿತು, ಚೆಲ್ಲಬೇಕು. ಅಕ್ಕ ಒಂದು ತಿಂಗಳಿಂದ ಚುಚ್ಚಿಕೊಂಡದ್ದು ಹೆಚ್ಚುಕಡಿಮೆ ನೀರು. ಅವಳು ಒಂದು ಚೂರೂ ಕದ್ದು ತಿಂದಿರಲಿಲ್ಲ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಆಗ ಇನ್ನೊಂದು ಯೋಚನೆ ಬಂತು.

“ಇವತ್ತು ಹಾಕ್ಕೊಂಡಿದ್ದು ಇದನ್ನೇನಾ?”

“ಇಲ್ಲ. ಮೂವತ್ತಾರಕ್ಕೆ ಇದರಲ್ಲಿ ಸಾಲ್ತಿರ್ಲಿಲ್ಲ. ಊಟದ ಹೊತ್ತಿಗೆ ಹೊಸದು ತಂದು ನೇರ ಅವಳ ಕೈಗೇ ಕೊಟ್ಟೆ.”

“ಪೂರ್ತಿ ಮೂವತ್ತಾರು ಹಾಕ್ಕೊಂಡ್ಳಾ?”

“ಹೂಂ. ಆಮೇಲೆ ಎರಡು ತುತ್ತು ತಿಂದು, ಯಾಕೋ ಸೇರ್ತಿಲ್ಲ ಅಂತ ಹೋಗಿ ಮಲಗಿದ್ಲು. ಒಂದೂವರೆ ಗಂಟೆ ಆಯ್ತು.”

ನೀರಿಗೆಂದು ಏರಿಸಿದ ಲೆಕ್ಕದಲ್ಲಿ ಅವಳು ಅಸಲಿ ಔಷಧಿ ಚುಚ್ಚಿಕೊಂಡಿದ್ದಳು, ಬೇಕಾದ್ದಕ್ಕಿಂತ ದುಪ್ಪಟ್ಟು. ರಕ್ತದ ಸಕ್ಕರೆ ಪಾತಾಳಕ್ಕಿಳಿದರೆ ಜೀವಕ್ಕೇ ಅಪಾಯ, ಕೂಡಲೇ ಸಿಹಿ ಕೊಡಬೇಕು. ಸಕ್ಕರೆಯಂತೂ ಬೀಗದೊಳಗಿತ್ತು. ನೆಲದ ಮೇಲಿದ್ದ ಬೆಚ್ಚನೆಯ ಸೋಡಾ ಬಾಟಲಿಯೊಂದನ್ನು ಎತ್ತಿಕೊಂಡು, “ಕೀಲಿ ತನ್ನಿ ಭಾವ!” ಎಂದು ಕೂಗುತ್ತಾ ಮೆಟ್ಟಿಲು ಹತ್ತಿದೆ.

ಅಕ್ಕ ಮಂಚದ ಅಂಚಿನಲ್ಲಿ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು, ರವಿಕೆ ಬೆವರಿಗೆ ಒದ್ದೆಯಾಗಿತ್ತು, ಕೈಗಳು ತಡೆಯಿಲ್ಲದೆ ನಡುಗುತ್ತಿದ್ದವು. ಸ್ಕ್ರೂಡ್ರೈವರಿನಿಂದ ಮುಚ್ಚಳ ಹಾರಿಸಿ ಬಾಟಲಿಯನ್ನು ಅವಳ ತುಟಿಗೆ ಹಿಡಿದೆ.

“ಕುಡಿ ಅಕ್ಕ. ಬೇಗ.”

ಅವಳು ಮೂಸಿ ನೋಡಿ ನನ್ನ ಕೈಯನ್ನು ತಳ್ಳಿದಳು. ನಾಲಿಗೆ ತೊದಲುತ್ತಿತ್ತು.

“ಸಿಹಿ... ಬೇಡ. ಆಮೇಲೆ ನೀನೇ... ಕದ್ದು ಕುಡಿದ್ಲು ಅಂತೀಯ.”

ಪ್ರಜ್ಞೆ ತಪ್ಪುವಂಥ ಹೊತ್ತಿನಲ್ಲೂ ಅವಳಿಗೆ ಅದೇ ಮಾತು ಕೊರೆಯುತ್ತಿತ್ತು. ನಾನು ಅವಳ ಮುಂದೆ ನೆಲಕ್ಕೆ ಮೊಣಕಾಲೂರಿ ಕೂತೆ.

“ನೀನು ಕದ್ದಿಲ್ಲ ಕಣಕ್ಕ. ನಾನು ಮಷೀನು ಸರಿಯಾಗಿ ನೋಡ್ಲಿಲ್ಲ. ನಿನ್ನ ಔಷಧಿ ಗಡ್ಡೆ ಕಟ್ಟಿ ಕೆಟ್ಟುಹೋಯ್ತು. ತಪ್ಪೆಲ್ಲ ನನ್ನದು. ನಿನ್ನ ಕಾಲಿಗೆ ಬೀಳ್ತೀನಿ, ಕುಡಿ.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಬಾಟಲಿ ಹಿಡಿದು ಕುಡಿದಳು. ಕಾಲು ಗಂಟೆಯಲ್ಲಿ ನಡುಕ ನಿಂತಿತು, ಮುಖಕ್ಕೆ ರಕ್ತ ಬಂತು. ಅಷ್ಟರಲ್ಲಿ ಭಾವ ಡಾಕ್ಟರಿಗೆ ಫೋನ್ ಮಾಡಿದ್ದರು. ಹೊಟ್ಟೆಗೆ ಏನಾದರೂ ಕೊಟ್ಟು ಈಗಲೇ ಕರೆದುಕೊಂಡು ಬನ್ನಿ, ಗುರುವಾರದವರೆಗೆ ನಾವೇ ಇಟ್ಟುಕೊಂಡು ನೋಡುತ್ತೇವೆ, ಆಪರೇಷನ್ನಿನ ದಿನ ಸದ್ಯಕ್ಕೆ ಹಾಗೇ ಇರಲಿ ಎಂದರಂತೆ.

ಭಾವ ಬೀರುವಿನ ಬೀಗ ತೆಗೆದು, ಬಿಸ್ಕತ್ತಿನ ಪೊಟ್ಟಣವನ್ನು ಅವಳ ಮಡಿಲಲ್ಲಿಟ್ಟು, ಕೀಲಿ ತಿರುವುತ್ತಾ ನಿಂತರು. ಅಕ್ಕ ಪೊಟ್ಟಣವನ್ನು ಮುಟ್ಟಲಿಲ್ಲ.

“ಆಗ ಏನೋ ಅಂದ್ಯಲ್ಲ,” ಎಂದಳು ನನಗೆ. “ಇನ್ನೊಂದು ಸಲ ಹೇಳು. ಇವರಿಗೂ ಕೇಳಿಸ್ಲಿ.”

“ಅಕ್ಕ ಕದ್ದಿಲ್ಲ ಭಾವ,” ಎಂದಷ್ಟೇ ಹೇಳಿ ಖಾಲಿ ಬಾಟಲಿ ಎತ್ತಿಕೊಂಡೆ.

“ಪೂರ್ತಿ ಹೇಳೋ,” ಎಂದಳು ಅಕ್ಕ.

ಪೂರ್ತಿ ಹೇಳಿದೆ. ಆಮೇಲೆ ಅವಳು ಬಿಸ್ಕತ್ತು ತಿಂದಳು.