ನೊಣ ಕೂತ ಜಾಗ

“ಗೋಡೆ ಮೇಲಿದ್ದ ಕನ್ನಡಿ ಎಲ್ಲಿ ಹೋಯ್ತು?” ಎಂದು ಹೆಂಡತಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿದಾಗ ಹಾಲಿನವನು ಕುದಿಯುವ ನೀರನ್ನು ಗಂಜಲದ ಕಾಲುವೆಗೆ ಸುರಿಯುತ್ತಿದ್ದ. ಆವಿ ಎದ್ದು ಅವನ ಮುಖ ಮುಚ್ಚಿತು. ಉತ್ತರ ಹುಡುಕಿಕೊಳ್ಳಲು ಅಷ್ಟು ಹೊತ್ತು ಸಾಕಾಯಿತು.

“ಇಲ್ಲೇ ಇದೆ. ಗಡ್ಡ ಇಲ್ಲೇ ಕೆರ್ಕೋತೀನಿ.”

“ಗಡ್ಡ ಕೆರೆದ ಮುಖವಾ ಇದು? ನಾನೆಲ್ಲೋ ಹಸುಗಳಿಗೆ ಅವುಗಳ ಮುಖ ತೋರಿಸ್ತಿದೀರಿ ಅಂದ್ಕೊಂಡೆ.”

“ಅವಕ್ಕೆ ತೋರಿಸಿದ್ರೆ ಎದುರು ಮಾತಾದ್ರೂ ಆಡಲ್ಲ.”

ಅವಳು ಹೊಸ್ತಿಲು ದಾಟಿ ಒಳಗೆ ಬಂದಳು. ಅವನು ಖಾಲಿ ಪಾತ್ರೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದ.

“ಊಟ ಇಲ್ಲೇ, ನಿದ್ದೆ ಇಲ್ಲೇ. ನನ್ನ ಮೇಲೆ ಕೋಪ ಇದ್ರೆ ಬಾಯಿ ಬಿಟ್ಟು ಹೇಳಿ.”

“ಕಂದು ಹಸು ಇವತ್ತೋ ನಾಳೆಯೋ ಈಯುತ್ತೆ. ಎಳೇ ಕರುವಿನ ಹೊಕ್ಕುಳಿಗೆ ನೊಣ ಮುತ್ತಿದ್ರೆ ಕರು ಉಳಿಯಲ್ಲ. ನೊಣ ಹೋಗೋವರೆಗೂ ನಾನು ಒಳಗೆ ಬರಲ್ಲ.”

“ಕೆಲಸ ಇಲ್ಲದವರು ನೊಣ ಹೊಡೀತಾರೆ ಅಂತ ಊರಿಗೆಲ್ಲ ಹೇಳ್ತಿದ್ರಿ. ಈಗ ನಿಮಗೆ ಅದೇ ಕೆಲಸ ಆಯ್ತು” ಎಂದು ಹೆಂಡತಿ ಹೊರಟು ಹೋದಳು.

ಅವನು ಹೇಳಿದ್ದರಲ್ಲಿ ಅರ್ಧ ನಿಜ. ಹಸು ಈಯುವುದರಲ್ಲಿತ್ತು, ನೊಣಗಳೂ ಇದ್ದವು. ಉಳಿದ ಅರ್ಧ ಅವನ ಎಡಗಾಲಿನ ರಬ್ಬರ್ ಬೂಟಿನೊಳಗಿತ್ತು. ತಿಂಗಳ ಹಿಂದೆ ಒಂದು ದಿನ ಮೇವಿನ ಪೆಟ್ಟಿಗೆಯ ಹಲಗೆ ಕಳಚಿ ಬಿದ್ದಿದ್ದನ್ನು ನೋಡದೆ ತುಳಿದಿದ್ದ. ಸಂಜೆ ಬೂಟು ಕಳಚಿದಾಗ ಹಲಗೆಯ ಮೊಳೆ ಅಟ್ಟೆಯನ್ನು ತೂರಿ ಒಳಗೆ ಬಂದು ನಿಂತಿತ್ತು, ಒಳಗೆಲ್ಲ ರಕ್ತ. ದಿನವಿಡೀ ಅದರ ಮೇಲೆ ನಡೆದಾಡಿದ್ದರೂ ಅವನಿಗೆ ಇರುವೆ ಕಚ್ಚಿದಷ್ಟೂ ನೋವಾಗಿರಲಿಲ್ಲ. ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿ ವರ್ಷಗಳಾಗಿದ್ದವು. ನೆನಪಾದಾಗ ಮಾತ್ರೆ ನುಂಗುತ್ತಿದ್ದ.

ಆಗ ಕಡಲೆಕಾಳಿನಷ್ಟಿದ್ದ ಗಾಯ ಈಗ ಅಂಗಾಲನ್ನು ಅರ್ಧ ತಿಂದಿತ್ತು. ಹಳೇ ಬನಿಯನ್ ಹರಿದು ಸುತ್ತಿಕೊಳ್ಳುತ್ತಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಅಂಗಾಲಿನ ಹುಣ್ಣಿಗೆ ಬೇಕೇ ಬೇಕು. ಬೆಳಗ್ಗೆ ಹಾಲು ಕರೆಯುವ ಮೊದಲು ಕನ್ನಡಿಯನ್ನು ನೆಲದ ಮೇಲಿಟ್ಟು, ಅದರ ಮೇಲೆ ಕಾಲೆತ್ತಿ ಹಿಡಿದು ಬಗ್ಗಿ ನೋಡುತ್ತಿದ್ದ. ನೋಡಿ ತಕ್ಷಣ ಬೂಟು ಹಾಕಿಕೊಳ್ಳುತ್ತಿದ್ದ. ಮನೆಯೊಳಗೆ ಮಲಗಿದರೆ ವಾಸನೆ ಹೆಂಡತಿಯ ಮೂಗಿಗೆ ಬೀಳುತ್ತದೆ. ಕೊಟ್ಟಿಗೆಯಲ್ಲಾದರೆ ಫಿನಾಯಿಲಿದೆ, ಗಂಜಲವಿದೆ, ಸುಣ್ಣವಿದೆ.

ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲವೆಂದರೆ, ಅವನ ಅಣ್ಣ ಹೋಗಿದ್ದ. ಹೆಬ್ಬೆರಳು ತೋರಿಸಲು ಹೋದವನು ಮೊಣಕಾಲು ಕೊಟ್ಟು ಬಂದ. ಈಗ ಜಗಲಿಯ ಮೇಲೆ ಕೂತು ಹೋಗಿ ಬರುವವರನ್ನು ಮಾತಿಗೆ ಕರೆಯುತ್ತಾನೆ. ಒಂಟಿ ಕಾಲಲ್ಲಿ ಹಸು ಹಿಡಿಯುವುದಕ್ಕಾಗುತ್ತದೆಯೇ? ಹೊರೆ ಹೊರುವುದಕ್ಕಾಗುತ್ತದೆಯೇ? ಹಾಲಿನವನಿಗೆ ಸಾವೆಂದರೆ ಅಷ್ಟು ಭಯವಿರಲಿಲ್ಲ, ಜಗಲಿಯೆಂದರೆ ಇತ್ತು.

ಆದ್ದರಿಂದ ಅವನು ತನ್ನ ಶಕ್ತಿಯನ್ನೆಲ್ಲ ನೊಣಗಳ ಮೇಲೆ ಹಾಕಿದ. ತಿಪ್ಪೆಯನ್ನು ಹೊಲದ ಆಚೆ ಅಂಚಿಗೆ ಸಾಗಿಸಿದ. ಗೋದಲಿ ಉಜ್ಜಿದ, ಒದ್ದೆ ಹುಲ್ಲು ಸುಟ್ಟ, ಗೋಡೆಗೆ ಎರಡು ಸಲ ಸುಣ್ಣ ಬಳಿದ, ಸೂರಿನಿಂದ ಅಂಟು ಹಾಳೆಗಳನ್ನು ಇಳಿಬಿಟ್ಟ. ಕೊಟ್ಟಿಗೆ ಮದುವೆ ಮನೆಯ ಹಾಗಾಯಿತು. ಆದರೂ ನೊಣ ಇದ್ದವು. ಅವು ಎಲ್ಲಿ ಕೂರುತ್ತಿದ್ದವು ಎನ್ನುವುದು ಅವನಿಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವನು ಆ ಕಡೆ ನೋಡುತ್ತಿರಲಿಲ್ಲ, ಅಷ್ಟೇ.

ಅಂದು ಬೆಳಗ್ಗೆ, ಹೆಂಡತಿ ಹೊರಟು ಹೋದ ಮೇಲೆ, ತಪ್ಪು ಯಾರದೆಂದು ಅವನಿಗೆ ಹೊಳೆಯಿತು. ನೇರವಾಗಿ ಪಕ್ಕದ ಕೋಳಿ ಫಾರಂನ ಬೇಲಿಗೆ ಹೋಗಿ ನಿಂತು ಕೂಗಾಡಿದ.

“ಏನಯ್ಯಾ ಮೊಟ್ಟೆ ಸಾಹುಕಾರ, ನಿನ್ನ ಕೋಳಿ ಹಿಕ್ಕೆಯಲ್ಲಿ ಹುಟ್ಟಿದ ನೊಣಕ್ಕೆ ನನ್ನ ಕೊಟ್ಟಿಗೆಯೇ ಬೇಕಾ?”

“ನೊಣದ ರೆಕ್ಕೆ ಮೇಲೆ ನನ್ನ ಹೆಸರು ಬರೆದಿದೆಯಾ?” ಎಂದ ಕೋಳಿಯವನು, ಒಳಗಿಂದಲೇ.

“ಬರೆದಿಲ್ಲ, ವಾಸನೆ ಸಾಕು.”

ಕೋಳಿಯವನು ಜಗಳಗಂಟನಲ್ಲ. ಆದರೆ ಫಾರಂ ಬಗ್ಗೆ ಯಾರಾದರೂ ಒಂದು ಮಾತಾಡಿದರೆ ಮಗಳ ಬಗ್ಗೆ ಆಡಿದ ಹಾಗೆ ಅವನಿಗೆ. ಮಧ್ಯಾಹ್ನ ಪೇಟೆಗೆ ಮೊಟ್ಟೆ ಒಯ್ಯುವ ಟೆಂಪೋವನ್ನು ಹಾಲಿನವನ ಅಂಗಳದಲ್ಲಿ ನಿಲ್ಲಿಸಿ ಇಳಿದ.

“ಅಕ್ಕ, ನೀವೂ ಬನ್ನಿ, ಸಾಕ್ಷಿ ಬೇಕು” ಎಂದು ಹಾಲಿನವನ ಹೆಂಡತಿಯನ್ನು ಕರೆದುಕೊಂಡು ಕೊಟ್ಟಿಗೆಗೆ ನುಗ್ಗಿದ. “ನನ್ನ ನೊಣ ಅಂತ ತೋರಿಸ್ಲಿ ಯಜಮಾನ್ರು, ನಾಳೆಯಿಂದ ಈ ಕೊಟ್ಟಿಗೆ ನಾನೇ ತೊಳೀತೀನಿ.”

ಹಾಲಿನವನು ಮೇವಿನ ಪೆಟ್ಟಿಗೆಯ ಮೇಲೆ ಕೂತಿದ್ದವನು ಕೂತೇ ಇದ್ದ. “ಹುಡುಕು, ಕಣ್ಣಿದ್ರೆ ಕಾಣುತ್ತೆ.”

ಕೋಳಿಯವನು ಕೋಲು ತೆಗೆದುಕೊಂಡು ಗೋದಲಿಯ ಮೂಲೆ ಕೆದಕಿದ. ಕಾಲುವೆಯ ಕಲ್ಲು ಎತ್ತಿ ನೋಡಿದ. ಹುಳವಿರಲಿಲ್ಲ, ಹುಳದ ಕುರುಹೂ ಇರಲಿಲ್ಲ. ನೆಲಕ್ಕೆ ಬಗ್ಗಿ ಮೂಸಿದ. ಆಮೇಲೆ ಹಸುಗಳ ಹಿಂದೆ ನಿಂತು ನೋಡಿದ.

“ಬಾಲ ನೋಡಿ” ಎಂದ.

“ಬಾಲಕ್ಕೇನಾಗಿದೆ?”

“ಏನೂ ಆಗಿಲ್ಲ, ಅದಕ್ಕೇ ಹೇಳಿದ್ದು. ನೊಣ ಇದ್ರೆ ಹಸು ಬಾಲ ಬೀಸ್ತಾ ಇರುತ್ತೆ, ಕಾಲು ಝಾಡಿಸುತ್ತೆ. ನಿಮ್ಮ ಹಸುಗಳು ನಿದ್ದೆ ಮಾಡ್ತಿವೆ.”

ನಿಜವಾಗಿಯೂ ಮೂರು ಬಾಲಗಳೂ ಹಗ್ಗದ ಹಾಗೆ ನೇರ ಇಳಿಬಿದ್ದಿದ್ದವು. ಆದರೆ ಕೊಟ್ಟಿಗೆಯಲ್ಲಿ ಗುಂಯ್ ಎನ್ನುವ ಸದ್ದಿತ್ತು. ಕೋಳಿಯವನು ಸದ್ದು ಬಂದ ಕಡೆಗೆ ತಿರುಗಿದ. ಹೆಂಡತಿಯೂ ತಿರುಗಿದಳು. ಹಾಲಿನವನ ಎಡಗಾಲಿನ ಬೂಟಿನ ಬಾಯಿಯ ಸುತ್ತ ನೊಣಗಳು ಸಾಲುಗಟ್ಟಿ ಕೂತಿದ್ದವು. ಕೆಲವು ಒಳಗೆ ಹೋಗುತ್ತಿದ್ದವು, ಕೆಲವು ಬರುತ್ತಿದ್ದವು. ಬಲಗಾಲಿನ ಮೇಲೆ ಒಂದೂ ಇರಲಿಲ್ಲ.

“ಬೂಟು ತೆಗೀರಿ” ಎಂದ ಕೋಳಿಯವನು. ದನಿಯಲ್ಲಿದ್ದ ಜಗಳ ಹೋಗಿಬಿಟ್ಟಿತ್ತು.

“ನನ್ನ ಕೊಟ್ಟಿಗೇಲಿ ನಿಂತು ನನಗೇ ಹುಕುಂ ಮಾಡ್ತೀಯಾ? ಬೆಳಗ್ಗೆ ಬೈದಿದ್ದಕ್ಕೆ ಸೇಡು ತೀರಿಸ್ಕೊಳ್ಳೋಕೆ ಬಂದಿದೀಯ. ನಡಿ ಆಚೆ.” ಅವನು ಕೈಗೆ ಸಿಕ್ಕ ಪೊರಕೆಯನ್ನು ಎಸೆದ. ಅದು ಕಂದು ಹಸುವಿನ ಕೊಂಬಿಗೆ ತಾಗಿ ಬಿತ್ತು.

“ನಮ್ಮಲ್ಲಿ ಒಂದು ಕೋಳಿಗೆ ಗಾಯ ಆದ್ರೆ ನನಗೆ ಮೊದಲು ಹೇಳೋದು ನೊಣ. ಕೋಳಿ ಹೇಳಲ್ಲ. ಮೂಲೇಲಿ ಗರಿ ಉಬ್ಬಿಸ್ಕೊಂಡು ಕೂತಿರುತ್ತೆ.”

“ನಾನು ಕೋಳಿಯಾ?”

“ಕೋಳಿಗಾದ್ರೂ ಸ್ವಲ್ಪ ಬುದ್ಧಿ ಇರುತ್ತೆ” ಎಂದಳು ಹೆಂಡತಿ. ಅವಳು ಬಂದು ಅವನ ಮುಂದೆ ತೊಳೆದ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಬೂಟನ್ನು ಎರಡೂ ಕೈಯಲ್ಲಿ ಹಿಡಿದಳು. ಒದ್ದರೆ ಅವಳು ಹಿಂದಕ್ಕೆ ಬೀಳುತ್ತಿದ್ದಳು. ಅವನು ಒದೆಯಲಿಲ್ಲ. ಬೂಟು ಬರಲಿಲ್ಲ, ಕಾಲು ಊದಿತ್ತು. ಅವಳು ಹಿಮ್ಮಡಿ ಹಿಡಿದು ನಿಧಾನವಾಗಿ ಅಲ್ಲಾಡಿಸಿ ಎಳೆದಳು. ವಾಸನೆಗೆ ಕೋಳಿಯವನು ಮುಖ ತಿರುಗಿಸಿಕೊಂಡ. ಅವಳು ತಿರುಗಿಸಿಕೊಳ್ಳಲಿಲ್ಲ.

ಕಾಲಿಗೆ ಸುತ್ತಿದ್ದ ಬನಿಯನ್ ಚೂರನ್ನು ಸುತ್ತು ಸುತ್ತಾಗಿ ಬಿಚ್ಚಿದಳು.

“ನೋಯಲ್ಲ ಕಣೇ” ಎಂದ ಅವನು, ಸಮಾಧಾನ ಹೇಳುವವನ ಹಾಗೆ.

“ಕಾಣ್ತಿದೆ.”

“ಆಸ್ಪತ್ರೆಗೆ ಹೋದ್ರೆ ಕಡಿದು ಹಾಕ್ತಾರೆ. ಅಣ್ಣ ಬೆರಳು ತೋರಿಸೋಕೆ ಹೋದ, ಏನಾಯ್ತು ನಿನಗೇ ಗೊತ್ತು.”

“ನಿಮ್ಮಣ್ಣ ಬೆರಳು ಇದ್ದಾಗ ಹೋಗ್ಲಿಲ್ಲ. ಬೆರಳು ಕಪ್ಪಾಗಿ, ಪಾದ ಕಪ್ಪಾದ ಮೇಲೆ ಹೋದ್ರು. ಅಲ್ಲಿವರೆಗೂ ಕಾಲುಚೀಲ ಹಾಕ್ಕೊಂಡೇ ಮಲಗ್ತಿದ್ರಂತೆ. ಚಳಿ ಅಂತಿದ್ರಂತೆ. ನಿಮ್ಮತ್ತಿಗೆ ಅದನ್ನ ಇವತ್ತಿಗೂ ಹೇಳ್ಕೊಂಡು ಅಳ್ತಾರೆ.” ಅವಳು ತಲೆ ಎತ್ತಿದಳು. “ನಾನು ಯಾರ ಮುಂದೆ ಹೇಳ್ಕೊಳ್ಳಲಿ?”

ಅಣ್ಣ ಕಾಲುಚೀಲದ ವಿಷಯ ಅವನಿಗೆ ಹೇಳಿರಲಿಲ್ಲ. ಜಗಲಿಯ ಮೇಲೆ ಕೂತು ಡಾಕ್ಟರನ್ನಷ್ಟೇ ಬೈದಿದ್ದ. ಹಾಲಿನವನು ತನ್ನ ಕಾಲನ್ನು ಮೊದಲ ಸಲ ಕನ್ನಡಿಯಿಲ್ಲದೆ, ಹೆಂಡತಿಯ ಮುಖದಲ್ಲಿ ನೋಡಿದ.

“ಹಸು ಇವತ್ತೇ ಈದ್ರೆ?” ಎಂದ.

“ನಿಮ್ಮತ್ತಿಗೆಗೆ ಫೋನ್ ಮಾಡ್ತೀನಿ, ಬಂದು ಇಲ್ಲೇ ಇರ್ತಾರೆ. ನಿಮಗಿಂತ ಹೆಚ್ಚು ಕರು ಎತ್ತಿದಾರೆ ಅವರು.” ಅವಳಾಗಲೇ ತನ್ನ ಸೆರಗಿನ ಅಂಚು ಹರಿದು ಕಾಲಿಗೆ ಸುತ್ತುತ್ತಿದ್ದಳು. “ತಮ್ಮಾ, ಟೆಂಪೋದಲ್ಲಿ ಜಾಗ ಇದೆಯಾ?”

“ಜಾಗ ಎಲ್ಲಿದೆ ಅಕ್ಕ, ಮಾಡ್ಬೇಕು” ಎಂದು ಕೋಳಿಯವನು ಓಡಿದ.

ಮೊಟ್ಟೆ ಟ್ರೇಗಳ ಅಟ್ಟಿಗಳನ್ನು ಸರಿಸಿ, ಹಿಂದಿನ ಭಾಗದಲ್ಲಿ ಕಾಲು ಚಾಚುವಷ್ಟು ಜಾಗವಾಯಿತು. ಹೊಂದಿಸುವಾಗ ಒಂದು ಅಟ್ಟಿ ಹಗ್ಗಕ್ಕೆ ಸಿಗದೆ ಉಳಿಯಿತು. ಕೋಳಿಯವನು ಅದನ್ನು ಹಾಲಿನವನ ಮಡಿಲಿಗೆ ಇಟ್ಟ.

“ಹಿಡ್ಕೊಳ್ಳಿ ಯಜಮಾನ್ರೇ. ಒಡೆದ್ರೆ ನಾನೂ ನಿಮ್ಮ ಬೇಲಿಗೆ ಬಂದು ಕೂಗಾಡ್ತೀನಿ.”

ಹಾಲಿನವನು ಅಟ್ಟಿಯನ್ನು ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಂಡ.

ಟೆಂಪೋ ಹೊರಟಿತು. ಗುಂಡಿ ಬಂದಾಗಲೆಲ್ಲ ಅವನು ಎರಡೂ ತೋಳುಗಳಿಂದ ಅಟ್ಟಿಯನ್ನು ಎದೆಗೆ ಒತ್ತಿಕೊಂಡ. ಹೆಂಡತಿ ಚಾಚಿದ ಕಾಲಿನ ಪಕ್ಕದಲ್ಲಿ ಕೂತು ಖಾಲಿ ಟ್ರೇಯೊಂದರಿಂದ ಅದರ ಮೇಲೆ ಗಾಳಿ ಬೀಸುತ್ತಲೇ ಇದ್ದಳು. ಜೊತೆಗೇ ಹತ್ತಿ ಬಂದಿದ್ದ ಒಂದು ನೊಣ ಸ್ವಲ್ಪ ಹೊತ್ತು ಸುತ್ತಿ, ಅವನ ಮುಖದ ಮುಂದಿನ ಮೊಟ್ಟೆಯ ಮೇಲೆ ಕೂತು ಮುಂಗಾಲು ಉಜ್ಜಿಕೊಂಡಿತು. ಅವನು ಅದನ್ನು ನೋಡುತ್ತ ಕೂತ. ಕೈ ಎರಡೂ ಮೊಟ್ಟೆ ಹಿಡಿದಿದ್ದವು.